ಬಾಯಿಲೆ ಹೇಳ್ತಾರ, ಕಾಗದದಾಗ ನಮ್ಮನ್ನ ಹಿಡೀತಾರ: ರಂಗಮಂದಿರದಾಗ ಕೆಲಸ ಮಾಡೋರು ಯಾರರ ಅದೀರೇನ್ರಿ?

ಕಪ್ಪುಪರದೆ (ಭಾನುವಾರ, ರಾತ್ರಿ 11:40)

ಎಲ್ಲಾರಿಗೂ ನಮಸ್ಕಾರ್ರಿ. ಈ ಗುಂಪಿನ್ಯಾಗ ನಾಟಕ ನೋಡೋರು, ಆಡೋರು, ಹಾಡೋರು ಭಾಳ ಮಂದಿ ಅದೀರಿ. ಪರದೆ ಎಳಿಯೋರು, ಲೈಟ್ ಹಚ್ಚೋರು ಎಷ್ಟ ಮಂದಿ ಅದೀರೋ ಗೊತ್ತಿಲ್ಲ. ನಾ ಹುಬ್ಬಳ್ಳಿ-ಧಾರವಾಡದಾಗಿನ ಒಂದ ರಂಗಮಂದಿರದಾಗ ಒಂಬತ್ತ ವರ್ಷದಿಂದ ಲೈಟು, ಸೌಂಡು, ಪರದೆ, ಕೀಲಿಕೈ ಎಲ್ಲಾ ನೋಡ್ಕೊಂತೀನಿ. ಹೆಸರು ಹೇಳಂಗಿಲ್ಲ. ಸವಾಯಿ ಗಂಧರ್ವ ಹಾಲ್ ಅಲ್ಲ, ಸೃಜನಾ ಅಲ್ಲ, ರಂಗಾಯಣ ಅಲ್ಲ. ಖಾಸಗಿ ಸಂಸ್ಥಾದ್ದು, ಅಷ್ಟ ಸಾಕು. ಊಹೆ ಮಾಡಿ ಕೆಳಗ ಬರೀಬ್ಯಾಡ್ರಿ, ಇದು ನನ್ನ ಅನ್ನದ ಮಾತು.

ಮೊದಲಿದ್ದ ವ್ಯವಸ್ಥಾಪಕರು ನಿವೃತ್ತಿ ಆಗಿ ಎರಡ ವರ್ಷಾತು. ಅವರು ಬೈತಿದ್ರು. ಮೈಕಿನ ಕೇಬಲ್ ಸರಿಯಾಗಿ ಸುತ್ತಿಲ್ಲಂತ ಹತ್ತ ಮಂದಿ ಮುಂದ ನನ್ನ ಮರ್ಯಾದಿ ತಗದಿದ್ರು. ಆದ್ರ ನಾಟಕ ಮುಗಿಯೋತನಾ ಸ್ಟೇಜಿನ ಬಾಜೂದ ವಿಂಗಿನ್ಯಾಗ ಒಂದ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕುಂಡ್ರತಿದ್ರು. ಈಗ ಎಲ್ಲಾ ಗೌರವ ಕಾರ್ಯದರ್ಶಿಗಳ ಕೈಯಾಗ ಐತಿ, ನಾವು ಸಾಹೇಬ್ರು ಅಂತೀವಿ. ಇವರು ಬೈಯಂಗಿಲ್ಲ. ನಕ್ಕೊಂತ ಮಾತಾಡ್ತಾರ, ಚಾ ಕುಡದಿಯೇನೋ ಅಂತಾರ. ಆದ್ರ ಎರಡ ವರ್ಷದಾಗ ಒಂದ ನಾಟಕನೂ ಪೂರ್ತಿ ಕುಂತು ನೋಡಿಲ್ಲ. ದೀಪ ಹಚ್ಚೂದಾತು, ಫೋಟೋ ಆತು, ಗಾಡಿ ಹತ್ತಿದ್ರು.

ಎರಡ ಪ್ರಸಂಗ ಹೇಳ್ತೇನಿ.

ಒಂದು ಸಣ್ಣದು. ಹೋದ ವರ್ಷ ಮಾರ್ಚಿನ್ಯಾಗ ಹಿಂದೂಸ್ತಾನಿ ಗಾಯನ ಇತ್ತು. ಕಲಾವಿದ್ರು ಮೊದ್ಲ ಹೇಳಿದ್ರಂತ ಜೋಡಿ ತಂಬೂರಿ ನಾಕ ಗಂಟೇಕ್ಕ ಸ್ಟೇಜಿನ ಮ್ಯಾಲೆ ಇಡಿಸಿ ಏಸಿ 25ಕ್ಕ ಇಟ್ಟಿದ್ದೆ. ಹಾಡು ಸುರು ಆಗಿ ಹತ್ತ ನಿಮಿಷ ಆಗಿಲ್ಲ, ಮುಂದಿನ ಸಾಲಿನಿಂದ ಫೋನು. 'ಅತಿಥಿಗಳು ಸೆಕಿ ಅನ್ನಾಕತ್ತಾರ, 18 ಮಾಡು.' ಸರ್, ತಂಬೂರಿ ಶ್ರುತಿ ಕೆಡತೈತ್ರಿ ಅಂದೆ. 'ಯಾಕ, ತಂಬೂರಿಗೂ ಚಳಿ ಹತ್ತತೈತೇನೋ?' ಅಂದು ನಕ್ರು. ಮಾಡ್ದೆ. ನಿಧಾನ ಲಯದ ವಿಲಂಬಿತದಾಗ ಗಾಯಕ್ರು ಎರಡ ಸಲ ನಿಲ್ಲಿಸಿ ತಂಬೂರಿ ಕೂಡಿಸಿದ್ರು. ಮೂರನೇ ಸಲ ಕೂಡಿಸೋಮುಂದ ತಲಿ ಎತ್ತಿ ನನ್ನ ಬೂತಿನ ಕಡೆ ಒಮ್ಮೆ ನೋಡಿದ್ರು, ಅಷ್ಟ. ಕಾರ್ಯಕ್ರಮ ಮುಗದ ಮ್ಯಾಲೆ ಸಾಹೇಬ್ರು ಅವರಿಗೆ ಹೇಳಿದ್ದು ನನ್ನ ಕಿವೀಲೆ ಕೇಳೀನಿ: 'ನಮ್ಮ ಹುಡುಗಗ ಎಷ್ಟ ಹೇಳಿದ್ರೂ ತಿಳಿಯಂಗಿಲ್ಲ ನೋಡ್ರಿ.' ಹುಡುಗಗ ಈಗ ನಲವತ್ತನಾಕು.

ಎರಡನೇದು ದೊಡ್ಡದು. ಈ ಸಲದ ಗ್ಯಾದರಿಂಗ್ (ಸಾಲಿ ವಾರ್ಷಿಕೋತ್ಸವ) ಸೀಜನ್ನಿನ್ಯಾಗ ಒಂದ ಸಾಲಿಯವ್ರು ಹಾಲ್ ಹಿಡದಿದ್ರು. ನಮ್ಮಲ್ಲಿ ಸ್ಟೇಜ್ ಲೈಟಿನ ಲೋಡು ಮೂರೂ ಫೇಸಿಗೆ ಹಂಚೈತಿ, ಒಂದೊಂದಕ್ಕ 63 ಆಂಪಿಯರಿನ ಎಂಸಿಬಿ, ಲೋಡ್ ಹೆಚ್ಚಾದ್ರ ತಾನ ಬೀಳೋ ಸ್ವಿಚ್ಚು. ಸಾಲಿಯವ್ರ ಇವೆಂಟ್ ಹುಡುಗ್ರು ತಮ್ಮವು 24 ಪಾರ್ ಲೈಟ್ ತಂದ್ರು, ಎಲ್‌ಇಡಿ ಅಲ್ಲ, ಹಳೇವು, ಒಂದೊಂದು ಒಂದ ಕಿಲೋವಾಟ್. ಲೆಕ್ಕಾ ಹಾಕ್ರಿ: 230 ವೋಲ್ಟಿಗೆ ನೂರ ಆಂಪಿಯರ್ ದಾಟತೈತಿ. ಮೂರ ಫೇಸಿಗೆ ಹಂಚಿದ್ರ ಒಂದೊಂದಕ್ಕ 35ರ ಆಸುಪಾಸು, ನಡೀತಿತ್ತು. ಅವರು ಎಲ್ಲಾ ಒಂದಕ್ಕ ಜೋಡಿಸಿದ್ರು. ಎಂಸಿಬಿ ಎರಡ ಸಲ ಬಿತ್ತು. ಮೂರನೇ ಸಲ ಎಂಸಿಬಿ ಬಿಟ್ಟು ನೇರ ಬೋರ್ಡಿನಿಂದ ವೈರ್ ಎಳಿಯಾಕತ್ತಿದ್ರು. ನಾ ಕೈ ಅಡ್ಡ ಹಾಕಿ ಸಾಹೇಬ್ರಿಗೆ ಫೋನ್ ಹಚ್ಚಿದೆ. 'ಹಾಕ್ಲಿ ಬಿಡೋ, ರೊಕ್ಕ ಕೊಟ್ಟಾರ. ಪಾಲಕ್ರ ಮುಂದ ಗದ್ದಲ ಬ್ಯಾಡ.'

ಏಳೂವರಿಗೆ ನ್ಯೂಟ್ರಲ್ ಸುಟ್ಟಿತು. ಮೂರ ಫೇಸಿನ ಲೈನಿನ್ಯಾಗ ನ್ಯೂಟ್ರಲ್ ಹೋತಂದ್ರ ಲೋಡ್ ಕಡಿಮಿ ಇದ್ದ ಫೇಸಿನ್ಯಾಗ 230 ಇದ್ದದ್ದು 400ರ ಕಡೆ ಏರತೈತಿ, ವೈರಿಂಗ್ ಬಲ್ಲವ್ರಿಗೆ ಗೊತ್ತು. ಎರಡ ಆಂಪ್ಲಿಫೈಯರ್, ಒಂದ ಮಿಕ್ಸರ್ ಅಲ್ಲೇ ಸತ್ತು ಹೋದ್ವು. ಬೇಕಲೈಟ್ ಸುಟ್ಟ ವಾಸನಿ ಇಡೀ ಹಾಲಿನ್ಯಾಗ. ಸ್ಟೇಜಿನ ಮ್ಯಾಲೆ ಎಂಟೊಂಬತ್ತ ವರ್ಷದ ಹುಡುಗಿ, ಕಿತ್ತೂರ ಚೆನ್ನಮ್ಮನ ವೇಷ. ಕತ್ತಲಾದ್ರೂ ರಟ್ಟಿನ ಕತ್ತಿ ಕೆಳಗ ಇಳಿಸಲಿಲ್ಲ. ಪಾಲಕ್ರು ಮೊಬೈಲ್ ಬ್ಯಾಟರಿ ಹಚ್ಚಿದ್ರು, ಆ ಬೆಳಕಿನ್ಯಾಗ ಮೈಕಿಲ್ಲದ ಮಾತು ಪೂರ್ತಿ ಮಾಡಿದ್ಳು. ನಾ ಅವತ್ತ ಅತ್ತೀನಿ, ಸುಳ್ಳ ಹೇಳೂದಿಲ್ಲ.

ಮೂರ ದಿನಕ್ಕ ನೋಟಿಸ್ ಬಂತು. 'ನಿಮ್ಮ ನಿರ್ಲಕ್ಷ್ಯದಿಂದ ಸಂಸ್ಥೆಗೆ 58,000 ರೂಪಾಯಿ ನಷ್ಟ. ಪ್ರತಿ ತಿಂಗಳು ವೇತನದಲ್ಲಿ 4,000 ಕಡಿತಗೊಳಿಸಲಾಗುವುದು.' ನನ್ನ ಪಗಾರ 18,500. ಮೊದಲನೇ ಕಂತು ಮುರದಾರ.

ಬಿಟ್ಟು ಹೋಗ್ಲೋ, ಇರ್ಲೋ? ಬಲ್ಲವ್ರು ಹೇಳ್ರಿ.


ಗಿರ್ಮಿಟ್ ಪಾರ್ಟಿ (ರಾತ್ರಿ 11:58)

'ತಂಬೂರಿಗೂ ಚಳಿ ಹತ್ತತೈತೇನೋ' ಅನ್ನೋ ಮಾತು ಬೋರ್ಡ್ ಬರಸಿ ಗೇಟಿಗೆ ಹಚ್ರಿ. ಅಣ್ಣಾ, ಆ ಪ್ಲಾಸ್ಟಿಕ್ ಕುರ್ಚಿ ಈಗ ಎಲ್ಲೈತಿ?


ಕಪ್ಪುಪರದೆ (ಸೋಮವಾರ, 12:03)

ವಾಚಮನ್ ಕಡೆ ಐತಿ. ಒಂದ ಕಾಲು ಮುರದೈತಿ, ಇಟ್ಟಂಗಿ ಕೊಟ್ಟಾನ.


ಜವಾರಿ ದಾರ (ಸೋಮವಾರ, ಮುಂಜಾನಿ 6:20)

ತಮ್ಮಾ, ನಾ ಧಾರವಾಡದಾಕಿ. ಐವತ್ತ ವರ್ಷ ತಂಬೂರಿ ಹಿಡದು ದೊಡ್ಡವರ ಹಿಂದ ಕೂತೀನಿ. ನಿನ್ನ ಮೊದಲನೇ ಪ್ರಸಂಗ ಸಣ್ಣದು ಅಂದಿ, ನನಗ ಅದೇ ದೊಡ್ಡದು ಅನಸ್ತದ.

ತಣ್ಣಗಾದರ ತಂತಿ ಬಿಗೀತಾವ, ಮ್ಯಾಲಿನ ಲೈಟಿನ ಕಾವು ಹತ್ತಿದರ ಸಡಲಾಗ್ತಾವ. ಒಂದು ಕಡೆ ಏಸಿ ಗಾಳಿ, ತಲಿ ಮ್ಯಾಲೆ ಲೈಟು, ಎರಡರ ನಡುವ ಕೂತ ತಂಬೂರಿ ಯಾರ ಮಾತು ಕೇಳಬೇಕು? ತಬಲಾದ ಕಥಿ ಬ್ಯಾರೆ. ಗಾಳಿ ಒಣಗಿದರ ಮ್ಯಾಲಿನ ಚರ್ಮದ ಪುಡಿ ಬಿಗದು ಸ್ವರ ಏರತದ, ಮಳೆಗಾಲದಾಗ ಥಂಡಿ ಕುಡದು ಇಳೀತದ. ಅದಕ್ಕ ತಬಲಾದವರು ಸುತ್ತಿಗಿ ಬಾಜೂಕ ಇಟ್ಟುಕೊಂಡೇ ಕೂಡೂದು. ತಂಬೂರಿ ತಂತಿ ಕೆಳಗ ಇಡೋ ಜವಾರಿ ದಾರ ಕೂದಲೆಳಿಯಷ್ಟು ಸರದರೂ ತಂಬೂರಿ ಗೊಗ್ಗರ ಆಗತದ. ಇದನ್ನ ಕಾರ್ಯದರ್ಶಿ ಬಲ್ಲಿರಬೇಕು ಅಂತ ನಾ ಅನ್ನೂದಿಲ್ಲ. ಕೇಳಬೇಕು. 'ಯಾಕೋ, ಏನಾಗತದ?' ಅಂತ ಒಂದು ಮಾತು ಕೇಳಿದ್ದರ ನೀ ಹೇಳತಿದ್ದಿ, ಅವರಿಗೂ ತಿಳೀತಿತ್ತು.

ಕುಂದಗೋಳದ ನಾಡಗೇರ ವಾಡೇದಾಗ ಸವಾಯಿ ಗಂಧರ್ವರ ನೆನಪಿನ ಸಂಗೀತ ಅಹೋರಾತ್ರಿ ನಡೀತದ. ಅಲ್ಲಿ ಎಲ್ಲೀ ಏಸಿ? ನೆಲದ ಮ್ಯಾಲೆ ಜಮಖಾನಿ, ಕಂಬಕ್ಕ ಆತು ಕೂತ ಮಂದಿ, ರಾತ್ರಿ ಮೂರಕ್ಕ ಚಾ. ಆದರ ಒಬ್ಬ ಮುದುಕ ಎದ್ದು ಬಂದು 'ಅಕ್ಕಾ, ಗಾಳಿ ಬೀಸತದ, ಆ ಬಾಗಲಾ ಹಾಕಲೇನು?' ಅಂತ ನನಗ ಕೇಳಿದ್ದ. ಆ ಮುದುಕ ಯಾವ ಪದಾಧಿಕಾರಿನೂ ಅಲ್ಲ.

ಮತ್ತ ಒಂದು. ಆ ಗಾಯಕರು ನಿನ್ನ ಬೂತಿನ ಕಡೆ ನೋಡಿದ್ದು ಸಿಟ್ಟಿನಿಂದ ಅಂತ ತಿಳಕೊಂಡೀಯೇನು? ನಮಗ ಗೊತ್ತಿರತದಪಾ, ಫೋನ್ ಎಲ್ಲಿಂದ ಬಂತು ಅಂತ. ಮುಂದಿನ ಸಾಲು ಸ್ಟೇಜಿನಿಂದ ಚಂದ ಕಾಣಸತದ.


ಲೆಕ್ಕದ ಪುಸ್ತಕ (ಸೋಮವಾರ, ಬೆಳಿಗ್ಗೆ 9:15)

ಭಾವನೆ ಪಕ್ಕಕ್ಕಿಟ್ಟು ಕಾಗದದ ಮಾತು ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಸಣ್ಣ ಸಂಸ್ಥೆಗಳ ಪಗಾರದ ಲೆಕ್ಕ, ಪಿಎಫ್ ಕೆಲಸ ಮಾಡಿಕೊಡುವವನು ನಾನು.

ನಷ್ಟದ ಹೆಸರಲ್ಲಿ ಪಗಾರ ಮುರಿಯಲು ಎರಡು ಷರತ್ತಿವೆ. ಆ ನಷ್ಟ ನೇರವಾಗಿ ನಿಮ್ಮ ತಪ್ಪಿನಿಂದ ಆಗಿರಬೇಕು. ಮುರಿಯುವ ಮೊದಲು ನಿಮ್ಮನ್ನು ಕಾರಣ ಕೇಳಿ, ಉತ್ತರ ಕೊಡಲು ಅವಕಾಶ ಕೊಟ್ಟಿರಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದು ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ನೀವು ಹೇಳಿದ ನೋಟಿಸು ಕಾರಣ ಕೇಳಿಲ್ಲ, ನೇರ ತೀರ್ಪು ಕೊಟ್ಟಿದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಜಗಳ ಅಲ್ಲ, ಉತ್ತರ. ಒಂದು ಪುಟ ಸಾಕು. ಎಷ್ಟು ಗಂಟೆಗೆ ಎಂಸಿಬಿ ಬಿತ್ತು, ಯಾರು ನೇರ ವೈರ್ ಎಳೆದರು, ಎಷ್ಟು ಗಂಟೆಗೆ ನೀವು ಫೋನ್ ಮಾಡಿದಿರಿ. ಫೋನಿನ ಕರೆ ಪಟ್ಟಿಯಲ್ಲಿ ಆ ಹೊತ್ತು ಇನ್ನೂ ಇರುತ್ತದೆ, ಅಳಿಸುವ ಮೊದಲು ಚಿತ್ರ ತೆಗೆದಿಡಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಧ್ಯಕ್ಷರಿಗೂ ಒಂದು ಪ್ರತಿ ಹೋಗಲಿ.

'ಬಿಟ್ಟು ಹೋಗ್ಲೋ' ಅಂದಿರಿ. ಸಿಟ್ಟಿನಲ್ಲಿ ಬಿಡುವ ಮೊದಲು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗೆ ಸಿಗುವ ಹಣ, ಲೆಕ್ಕ ಹಾಕಿ. ಹತ್ತು ಮಂದಿಗಿಂತ ಕಡಿಮೆ ಇಲ್ಲದ ಕಡೆ ಐದು ವರ್ಷ ತುಂಬಿದವರಿಗೆ ಅದು ಹಕ್ಕು. ಸೂತ್ರ ಸರಳ: ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. 18,500ರಲ್ಲಿ ಅವೆರಡೂ ಸೇರಿ 16,000 ಇದ್ದರೆ ಒಂಬತ್ತು ವರ್ಷಕ್ಕೆ ಸುಮಾರು 83,000. ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ?


ಕಪ್ಪುಪರದೆ (ಸೋಮವಾರ, ಮಧ್ಯಾಹ್ನ 1:10)

ಕಸಾ ಹೊಡಿಯೋ ಇಬ್ಬರು ಅಕ್ಕಾರನ್ನ ಹಿಡದು ಹನ್ನೊಂದ ಮಂದಿ. ಆದ್ರ ಅವರಿಬ್ಬರ ಹೆಸರು ಹಾಜರಿ ಪುಸ್ತಕದಾಗ ಇಲ್ಲ, ವೋಚರ್ ಮ್ಯಾಲೆ ರೊಕ್ಕ ಕೊಡ್ತಾರ.


ಲೆಕ್ಕದ ಪುಸ್ತಕ (ಸೋಮವಾರ, ಮಧ್ಯಾಹ್ನ 1:25)

ಹನ್ನೊಂದು ಒಂಬತ್ತಾಗಿ ಗ್ರಾಚ್ಯುಟಿ ತಪ್ಪುವುದು ಹೀಗೇ. ಆ ಇಬ್ಬರ ವೋಚರಿನ ಚಿತ್ರ ಸಿಕ್ಕರೆ ಇಟ್ಟುಕೊಳ್ಳಿ.


ಮಾಜಿ ಖಜಾಂಚಿ (ಸೋಮವಾರ, ಸಂಜಿ 7:30)

ಎಲ್ಲಾರೂ ಕಾರ್ಯದರ್ಶಿನ್ನ ಹೊಡಿಯಾಕತ್ತೀರಿ. ನಾ ಆ ಕಡೆ ಕುರ್ಚಿ ಮ್ಯಾಲೆ ಕುಂತಾಂವ, ಬ್ಯಾರೆ ಊರಿನ ಹಾಲು. ಹನ್ನೆರಡ ವರ್ಷ ಒಂದ ರೂಪಾಯಿ ಪಗಾರ ಇಲ್ಲದ ಮಾಡೀನಿ. ನನ್ನ ಮಾತೂ ಕೇಳ್ರಿ.

ಹವ್ಯಾಸಿ ತಂಡ ನಾಟಕಕ್ಕ ಹಾಲ್ ಕೇಳಾಕ ಬಂದ್ರ ನಾವು 6,000 ತಗೋತಿದ್ವಿ, ಅದ್ರಾಗ ಎರಡ ಸಾವಿರ ಬಾಕಿ. ಗ್ಯಾದರಿಂಗ್ ಅಂದ್ರ 25,000 ಮುಂಗಡನ. ಕರೆಂಟ್ ಹೋತು ಅಂದ್ರ 62.5 ಕೆವಿಎ ಜನರೇಟರ್, ಲೋಡ್ ತುಂಬಿದ್ರ ತಾಸಿಗೆ ಹತ್ತ ಲೀಟರ್ ಮ್ಯಾಲೆ ಡೀಸೆಲ್ ಕುಡೀತೈತಿ. ನಾಟಕದ ಬಾಡಿಗಿ ಡೀಸೆಲಿಗೇ ಹೋಗತೈತಿ. ಹೆಸ್ಕಾಂ ಬಿಲ್ಲಿನ್ಯಾಗ ಹಾಲ್ ಬಂದ್ ಇದ್ರೂ ನಿಗದಿ ಶುಲ್ಕ ಬರೂದ ಬರೂದು. ನಾಟಕ ಉಳಸೂದು ಗ್ಯಾದರಿಂಗಿನ ರೊಕ್ಕ, ಇದು ಕಹಿ ಆದ್ರೂ ಖರೆ. ಅದಕ್ಕ ಗಿರಾಕಿಗೆ 'ಇಲ್ಲ' ಅನ್ನಾಕ ಬಾಯಿ ಬರಂಗಿಲ್ಲ. ಆ ಸಾಹೇಬ್ರು 'ಹಾಕ್ಲಿ ಬಿಡೋ' ಅಂದಿದ್ದು ಅಹಂಕಾರಕ್ಕಲ್ಲ, ಅಂಜಿಕಿಗೆ.

ಆದ್ರ ನೋಟಿಸ್ ಕೊಟ್ಟಿದ್ದು ಹೇಸಿ ಕೆಲಸ. ಅದನ್ನ ನಾ ಮುಚ್ಚಂಗಿಲ್ಲ. ನಾ ಇದ್ದಾಗ ಒಮ್ಮೆ ಪುಲಿ ಹಗ್ಗ ಹರದು ಅಂಕದ ಪರದೆ ಬಿತ್ತು. ಹೊಸಾ ಹಗ್ಗ ಬೇಕಂತ ಹುಡುಗ ಮೂರ ತಿಂಗಳ ಮೊದಲ ಕೇಳಿದ್ದ, ನಾನ ಮುಂದೂಡಿದ್ದೆ. ಸಭಾದಾಗ ಎದ್ದು ನಿಂತು ಅದನ್ನ ಹೇಳ್ದೆ. ಏನೂ ಆಗ್ಲಿಲ್ಲ. ಮುಂದಿನ ಚುನಾವಣ್ಯಾಗ ಸೋತೆ, ಅದಿರ್ಲಿ.


ಗಿರ್ಮಿಟ್ ಪಾರ್ಟಿ (ಸೋಮವಾರ, ಸಂಜಿ 7:41)

'ಏನೂ ಆಗ್ಲಿಲ್ಲ, ಸೋತೆ.' ಕಾಕಾ ನಿಮಗ ಸಾಷ್ಟಾಂಗ.


ಸಭಾ ಕಾರ್ಯಕ್ರಮ ಸಂತ್ರಸ್ತೆ (ಸೋಮವಾರ, ರಾತ್ರಿ 10:05)

ನನ್ನದೂ ಸೇರಿಸ್ಕೊಳ್ರಿ. ಎರಡು ವರ್ಷ ಒಂದು ಬಯಲು ರಂಗಮಂದಿರದಾಗ ಕಾರ್ಯಕ್ರಮ ಸಂಯೋಜಕಿ ಆಗಿದ್ದೆ, ಈಗ ಬಿಟ್ಟೀನಿ. ನನ್ನ ಮುಖ್ಯಸ್ಥರಿಗೆ ಒಂದೇ ಚಾಳಿ: ಆಮಂತ್ರಣ ಪತ್ರಿಕೆ ಮುದ್ರಣಕ್ಕ ಹೋದ ಮ್ಯಾಲೂ ವೇದಿಕೆಗೆ ಹೆಸರು ಸೇರಿಸೋದು.

ಒಂದು ದಿನದ ಲೆಕ್ಕ ಕೊಡತೀನಿ. ಪತ್ರಿಕೆಯೊಳಗ ಸಂಜಿ 6ಕ್ಕ ಉದ್ಘಾಟನೆ, 6:30ಕ್ಕ ನಾಟಕ. ವೇದಿಕೆ ಮ್ಯಾಲೆ ಐದು ಕುರ್ಚಿ ಅಂತ ಗೊತ್ತಾಗಿತ್ತು, ಸಂಜಿಗೆ ಹದಿನಾಲ್ಕಾದ್ವು. ಮುಖ್ಯ ಅತಿಥಿ 7:10ಕ್ಕ ಬಂದ್ರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಸಸಿಗೆ ನೀರು, ಹದಿನಾಲ್ಕು ಮಂದಿಗೆ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ. ಸ್ಮರಣಿಕೆ ಹನ್ನೆರಡೇ ತರಿಸಿದ್ದೆ, ಯಾಕಂದ್ರ ನನಗ ಕಡೀಕ ಹೇಳಿದ್ದು ಹನ್ನೆರಡು. ಕೊನೆಯ ಇಬ್ಬರಿಗೆ ಮೊದಲಿನವರ ಕೈಯಿಂದ ಇಸಕೊಂಡು ಅದನ್ನೇ ಮತ್ತ ಕೊಟ್ವಿ. ನಗಬ್ಯಾಡ್ರಿ. ವಂದನಾರ್ಪಣೆ ಮುಗಿದಾಗ 8:50.

ನಾಟಕ ಎರಡು ತಾಸಿಂದು. ಒಳಗಿನ ಹಾಲಾಗಿದ್ರ ಪರವಾಗಿದ್ದಿಲ್ಲ. ಬಯಲು ಅಂದಮ್ಯಾಲೆ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂಗ ರಾತ್ರಿ 10ಕ್ಕ ಧ್ವನಿವರ್ಧಕ ಬಂದ್. ಹತ್ತಕ್ಕ ಹತ್ತು ನಿಮಿಷ ಇರೋವಾಗ ಬೀಟಿನ ಪೊಲೀಸರು ಬಂದು ಪಾಪ ಸೌಜನ್ಯದಿಂದಲೇ ಹೇಳಿದ್ರು. ವೇಷದಾಗಿದ್ದ ನಿರ್ದೇಶಕರಿಗೆ ವಿಂಗಿನ್ಯಾಗ ಹೋಗಿ 'ಸರ್, ಕಡೀ ದೃಶ್ಯ ಮೈಕಿಲ್ಲದ ಮಾಡ್ರಿ' ಅಂತ ನಾ ಹೇಳಬೇಕಾತು. ಅಷ್ಟೊತ್ತಿಗೆ ಕುರ್ಚಿ ಅರ್ಧ ಖಾಲಿ. ಹಳ್ಳಿಯಿಂದ ಬಂದವರು ವಸ್ತಿ ಬಸ್ ತಪ್ಪತದಂತ ಎದ್ದು ಹೋಗಿದ್ರು. ನಮ್ಮ ಮುಖ್ಯಸ್ಥರು ಅತಿಥಿಗಳ ಜೋಡಿ ಊಟಕ್ಕ ಹೋಗಿ ಅದೂ ತಾಸಾಗಿತ್ತು.

ಮರುದಿನ ಪತ್ರಿಕೆಯೊಳಗ ವೇದಿಕೆಯ ಫೋಟೋ ಬಂದಿತ್ತು, ಹದಿನಾಲ್ಕೂ ಮಂದಿ. ನಾಟಕದ ಹೆಸರು ಕೊನೆಯ ಸಾಲಿನೊಳಗ, ಅದೂ ತಪ್ಪು. 'ಯಶಸ್ವಿ ಆತು ನೋಡವಾ' ಅಂದ್ರು. ಅವರು ಖರೇನ ಹಂಗ ನಂಬಿದ್ರು ಅನ್ನೋದು ನನಗ ಹೆಚ್ಚು ಹೆದರಿಕಿ ಆದ ಸಂಗತಿ. ಆ ತಿಂಗಳೇ ರಾಜೀನಾಮೆ ಕೊಟ್ಟೆ. ಒಂದು ವರ್ಷ ನಾಟಕ ನೋಡಾಕ ಹೋಗಿದ್ದಿಲ್ಲ.


ಜವಾರಿ ದಾರ (ಮಂಗಳವಾರ, ಮುಂಜಾನಿ 6:05)

ಸ್ಮರಣಿಕೆ ಇಸಕೊಂಡು ಕೊಟ್ಟದ್ದಕ್ಕ ನಕ್ಕೆ. ಕ್ಷಮಾ ಮಾಡವಾ. ಮತ್ತ ನಾಟಕ ನೋಡಾಕ ಬಾ.


ಕಂಪನಿ ಕೂಸು ಗದಗ (ಮಂಗಳವಾರ, ಮಧ್ಯಾಹ್ನ 3:30)

ನಮ್ಮಪ್ಪ ಕಂಪನಿ ನಾಟಕದಾಗ ಪರದೆ ಬರೀತಿದ್ದ, ನಾ ಡೇರೇದಾಗ ಹುಟ್ಟಿ ಬೆಳದಾಂವ. 'ಮೊದಲಿನ ಮಾಲಕ್ರು ದೇವರಂಗಿದ್ರು' ಅಂತ ಇಲ್ಲಿ ಯಾರರ ಬರಿಯೋಕಿಂತ ಮೊದ್ಲ ಹೇಳ್ತೀನಿ, ಹಂಗೇನಿಲ್ಲ.

ನಮ್ಮ ಗದಗ ನಾಟಕದ ಊರು. ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದು 1870ರ ದಶಕದಾಗ, ಮರಾಠಿ ನಾಟಕ ಮೆರಿಯೋ ಕಾಲಕ್ಕ. ಆಮ್ಯಾಲೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ. ವೀರೇಶ್ವರ ಪುಣ್ಯಾಶ್ರಮದವ್ರು ಅಂಧ ಮಕ್ಕಳ ಹೊಟ್ಟಿ ತುಂಬಸಾಕ ನಾಟಕ ಕಂಪನಿ ನಡಸಿದ್ರು, ಪುಟ್ಟರಾಜ ಗವಾಯಿಗಳು ತಾವ ನಾಟಕ ಬರದ್ರು. ಅತ್ತಾಗ ಏಣಗಿ ಬಾಳಪ್ಪನವ್ರು ಕಲಾವೈಭವ ನಾಟ್ಯಸಂಘದ ಮಾಲಕ್ರೂ ಹೌದು, ಬಣ್ಣಾ ಹಚ್ಚೋ ನಟರೂ ಹೌದು. 1914ರಾಗ ಹುಟ್ಟಿ 2017ರ ತನಕ ಬಾಳಿದ ಜೀವ.

ಇವರೆಲ್ಲಾರ ಕಾಲದಾಗ ಒಂದ ಫರಕ ಇತ್ತು. ಪರದೆ ಸಿಕ್ಕಿ ಬಿತ್ತಂದ್ರ ಮಾಲಕನ ಮಾನಾನೂ ಸಿಕ್ಕಿ ಬೀಳ್ತಿತ್ತು. ಮಳಿ ಬಂದು ಆಟ ನಿಂತ್ರ ಗಲ್ಲೆ ಖಾಲಿ, ಅವತ್ತ ಮಾಲಕನ ಮನ್ಯಾಗೂ ಸಾರಿಲ್ಲ. ಹಿಂಗಾಗಿ ಅಂವ ಚಲೋ ಮನಿಷ್ಯಾ ಇರ್ಲಿ, ಕೆಟ್ಟಾಂವ ಇರ್ಲಿ, ವಿಂಗಿನ್ಯಾಗ ನಿಂತಿರ್ತಿದ್ದ. ಈಗಿನ ಕಮಿಟಿಯವ್ರಿಗೆ ನಾಟಕ ಕೆಟ್ರ ಏನೂ ಹೋಗಂಗಿಲ್ಲ. ನಮ್ಮ ಅಣ್ಣಾರ ಸಾಹೇಬ್ರು ಕೆಟ್ಟವ್ರಲ್ಲ, ಅವರಿಗೆ ಆ ಹಾಲಿನ್ಯಾಗ ಕಳಕೊಳ್ಳೂದು ಏನೂ ಇಲ್ಲ.

ಇನ್ನ ಕಂಪನಿ ಮಾಲಕ್ರ ಕೆಟ್ಟತನ ಬೇಕಂದ್ರ ಹೇಳ್ತೀನಿ. ಮುಂಗಡ ಅನ್ನೋದು ಹಗ್ಗ. ಮಗಳ ಲಗ್ನಕ್ಕಂತ ನಮ್ಮಪ್ಪ ರೊಕ್ಕ ತಗೊಂಡ, ಆರ ವರ್ಷ ಆ ಕಂಪನಿ ಬಿಟ್ಟು ಹೊರಗ ಕಾಲಿಡ್ಲಿಲ್ಲ. ಕ್ಯಾಂಪ್ ಎಲ್ಲಿ ಹೋತೋ ಅಲ್ಲಿ ನಮ್ಮ ಸಾಲಿ. ಐದ ಇಯತ್ತೆ, ಐದ ಊರು. ನಷ್ಟಾತಂತ ಪಗಾರ ಮುರಿಯೂದು ಹೊಸಾದಲ್ಲ ಅಣ್ಣಾರ. ಆಗ ಬಾಯಿಲೆ ಮುರೀತಿದ್ರು, ಈಗ ನೋಟಿಸಿನ ಮ್ಯಾಲೆ ಮುರೀತಾರ.


ಹಾನಗಲ್ ಕಡೇಯಾಂವ (ಮಂಗಳವಾರ, ಸಂಜಿ 6:00)

ದೊಡ್ಡ ಊರಿನ ಜಗಳ ಓದಿ ನಮ್ಮ ಕಡೆದು ಬರೀಬೇಕನಿಸ್ತು. ನಮ್ಮ ಹಾನಗಲ್ ತಾಲ್ಲೂಕಿನ ಶೇಷಗಿರಿ ಸಣ್ಣ ಹಳ್ಳಿ. ಅಲ್ಲಿ ಗಜಾನನ ಯುವಕ ಮಂಡಳಿಯವ್ರು ಸ್ವಂತ ರಂಗಮಂದಿರ ಕಟ್ಕೊಂಡಾರ, ಹೊಲದಾಗ ದುಡದು ಬಂದವ್ರ ರಾತ್ರಿ ಬಣ್ಣಾ ಹಚ್ಚತಾರ. ನಾ ಆ ಊರಾಂವ ಅಲ್ಲ, ನೋಡಾಕ ಹೋಗಾಂವ ಅಷ್ಟ. ಒಳಗ ಅವರವರ ನಡುವ ಏನೇನ ಜಗಳ ಅದಾವೋ ಅದು ಅವರಿಗೆ ಬಿಟ್ಟಿದ್ದು. ಆದ್ರ ಆಟದ ದಿನ ಊರಾಗಿನ ಹೆಣ್ಣಮಕ್ಕಳು, ಮುದುಕ್ರು ಕುಂತು ನೋಡ್ತಾರ. ಕೆಟ್ರ ಮರುದಿನ ಹೊಟೇಲಿನ್ಯಾಗ ಚಾ ಕುಡಿಯಾಕ ಆಗಂಗಿಲ್ಲ. ಕಂಪನಿ ಕೂಸು ಅಣ್ಣಾರು ಹೇಳಿದ್ದು ಇದನ್ನ ಅನಸ್ತೈತಿ.


ನವನಗರ 77 (ಮಂಗಳವಾರ, ರಾತ್ರಿ 9:12)

[ಈ ಬರಹ ತೆಗೆಯಲಾಗಿದೆ: ಸಂಸ್ಥೆಯ ಹೆಸರು ಊಹಿಸಿ ಬರೆದಿದ್ದಕ್ಕೆ. ನಿರ್ವಾಹಕರು]


ಗಿರ್ಮಿಟ್ ಪಾರ್ಟಿ (ಮಂಗಳವಾರ, ರಾತ್ರಿ 9:20)

ಬರೀಬ್ಯಾಡ್ರಿ ಅಂತ ಅಷ್ಟ ದೊಡ್ಡದಾಗಿ ಹೇಳ್ಯಾರ, ಆದ್ರೂ ಒಬ್ಬಾಂವ ಇದ್ದ ಇರ್ತಾನ.


ಲೆಕ್ಕದ ಪುಸ್ತಕ (ಬುಧವಾರ, ಬೆಳಿಗ್ಗೆ 8:40)

ಕೆಲವರು ಖಾಸಗಿಯಾಗಿ ಕೇಳಿದ್ದಾರೆ, 'ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಬಹುದಾ' ಎಂದು. ಸರ್ಕಾರಿ ರಂಗಮಂದಿರವಾದರೆ ಹಾಕಬಹುದು. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗೆ ಇರಬೇಕು, ಆ ಕಾರಣಕ್ಕೇ ಎಷ್ಟೋ ಅರ್ಜಿ ತಿರಸ್ಕಾರವಾಗುತ್ತವೆ. ಖಾಸಗಿ ಸಂಘಕ್ಕೆ ಅದು ನೇರ ಅನ್ವಯಿಸುವುದಿಲ್ಲ. ಆದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ್ದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಬೇಕು, ಲೆಕ್ಕಪತ್ರ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸದಸ್ಯರ ಮೂರನೇ ಒಂದು ಭಾಗ ಕೇಳಿದರೆ 25ನೇ ಕಲಮಿನಡಿ ವಿಚಾರಣೆ ನಡೆಯಬಹುದು. ನೌಕರ ಕೇಳಿದರೆ ಅಲ್ಲ, ಸದಸ್ಯರು ಕೇಳಿದರೆ. ಇಲ್ಲಿ ಓದಿ 'ಅಯ್ಯೋ ಪಾಪ' ಅನ್ನುವವರಲ್ಲಿ ಯಾರು ಯಾವ ರಂಗಮಂದಿರದ ಆಜೀವ ಸದಸ್ಯರಿದ್ದೀರೋ, ಕೊನೆಯ ಸಲ ಸಭೆಗೆ ಹೋದದ್ದು ಯಾವಾಗ?


ಮಾಜಿ ಖಜಾಂಚಿ (ಬುಧವಾರ, ಬೆಳಿಗ್ಗೆ 9:02)

ಊಟ ಇದ್ದ ವರ್ಷ ಬರ್ತಾರ್ರೀ.


ಕಪ್ಪುಪರದೆ (ಭಾನುವಾರ, ರಾತ್ರಿ 11:15)

ಒಂದ ವಾರಾತು. ಏನಾತಂತ ಹೇಳ್ತೇನಿ.

ಲೆಕ್ಕದ ಪುಸ್ತಕ ಸರ್ ಹೇಳಿದಂಗ ಬುಧವಾರ ಒಂದ ಪುಟ ಬರದೆ. ಬರ್ಯಾಕ ಮೂರ ತಾಸು ಹಿಡೀತು. ಡಿಮ್ಮರಿನ ವೈರ್ ಕೂಡಿಸಾಕ ಅಷ್ಟ ಹೊತ್ತ ಹಿಡಿಯಂಗಿಲ್ಲ ನನಗ. ಮೊದಲನೇ ಸಲ ಬರದಾಗ ಆ ಹುಡುಗಿ, ರಟ್ಟಿನ ಕತ್ತಿ ಎಲ್ಲಾ ಬಂದಿತ್ತು. ಮಗಳು ಓದಿ 'ಅಪ್ಪಾ, ಇದು ಕಥಿ ಆತು, ಟೈಮ್ ಅಷ್ಟ ಬರಿ' ಅಂದ್ಳು. 6:48ಕ್ಕ ಎಂಸಿಬಿ, 6:55ಕ್ಕ ಮತ್ತ, 7:02ಕ್ಕ ಫೋನು, ಮಾತಾಡಿದ್ದು 41 ಸೆಕೆಂಡು. ಸ್ಪೀಡ್ ಪೋಸ್ಟ್ ಮಾಡಿ, ಅಧ್ಯಕ್ಷರಿಗೂ ಕಳಿಸಿದೆ.

ಶುಕ್ರವಾರ ಸಾಹೇಬ್ರು ಕರದ್ರು. ನಕ್ಕೊಂತನ ಮಾತಾಡಿದ್ರು. 'ಎದುರ ಮನಿಯಾಂವ ನಾನು, ಪೋಸ್ಟ್ ಯಾಕ ಮಾಡ್ದಿ, ಬಂದು ಹೇಳಿದ್ರ ಆಗತಿದ್ದಿಲ್ಲೇನೋ?' ಬಂದು ಹೇಳೀನ್ರೀ ಸರ್, ಅವತ್ತ 7:02ಕ್ಕ ಅಂದೆ. ಅದು ಬಾಯಿ ತಪ್ಪಿ ಬಂತು, ಅಷ್ಟ ಧೈರ್ಯ ನನಗಿಲ್ಲ. ಸುಮ್ಮನಾದ್ರು. ಆಮ್ಯಾಲೆ ಚಾ ತರಿಸಿದ್ರು. ಮುರದ ರೊಕ್ಕದ ಬಗ್ಗೆ ಆ ಕಡೆ ಹೂಂ ಇಲ್ಲ, ಈ ಕಡೆ ಊಹೂಂ ಇಲ್ಲ. ನಾ ಹೊರಗ ಬರೋಮುಂದ, 'ಗೋದಾಮಿನ ಕೀಲಿಕೈ ಆಫೀಸಿನ್ಯಾಗ ಇಟ್ಟು ಹೋಗು' ಅಂದ್ರು. ಒಂಬತ್ತ ವರ್ಷ ನನ್ನ ಉಡದಾರಕ್ಕಿದ್ದ ಕೀಲಿಕೈ. ಇಟ್ಟು ಬಂದೆ.

ನಾ ಅವತ್ತ ಸಂಜಿಕ ಹುಬ್ಬಳ್ಳಿಗೆ ಹೋಗಿ ದುರ್ಗದ ಬೈಲಿನ್ಯಾಗ ಒಂದ ದಪ್ಪ ರಜಿಸ್ಟರ್ ಕೊಂಡೆ, 140 ರೂಪಾಯಿ, ನನ್ನ ರೊಕ್ಕ. ತಾರೀಖು, ಹೊತ್ತು, ಯಾರು ಏನ ಹೇಳಿದ್ರು, ಸಹಿ ಅಂತ ನಾಕ ಗೆರಿ ಹೊಡದು ಬೂತಿನ್ಯಾಗ ಇಟ್ಟೀನಿ.

ನಿನ್ನೆ ಶನಿವಾರ ಸಿತಾರ್ ಇತ್ತು. ಏಸಿ 25. ಆಲಾಪ ನಡದಿತ್ತು, ಮುಂದಿನ ಸಾಲಿನಿಂದ ಫೋನು. 'ಅತಿಥಿಗಳಿಗೆ ಸೆಕಿ.' ನಾ ಅಂದೆ, 'ಸರ್, ಒಂದ ವಾಟ್ಸಾಪ್ ಹಾಕ್ರಿ, ರಜಿಸ್ಟರಿಗೆ ಬರಕೊಂಡು ಮಾಡ್ತೇನಿ.' ಫೋನ್ ಇಟ್ರು. ಬೂತಿನ ಕಾಜಿನಿಂದ ಅವರ ತಲಿ ಕಾಣ್ತಿತ್ತು, ಕೈಯಾಗ ಮೊಬೈಲಿನ ಬೆಳಕು. ನನ್ನ ಫೋನಿನ್ಯಾಗ 'ಟೈಪಿಂಗ್' ಅಂತ ಬಂತು, ಹೋತು. ಮತ್ತ ಬಂತು, ಹೋತು. ಮೆಸೇಜ್ ಬರ್ಲಿಲ್ಲ. ಮುಂದಿನ ಸಾಲಿನ ಅತಿಥಿಯೊಬ್ರು ಆಮಂತ್ರಣ ಪತ್ರಿಕೆಲೆ ಗಾಳಿ ಹಾಕ್ಕೊಂತ ಕುಂತಿದ್ರು, ಆಲಾಪದ ಮುಂದಿನ ಜೋಡ್ ಆಗಿ ಝಾಲಾ ಮುಗಿಯೋತನಾ.

ಪಗಾರ 7ನೇ ತಾರೀಖಿಗೆ ಆಗತೈತಿ. ಮುರದ್ರೋ ಇಲ್ಲೋ, ಅವತ್ತ ಬಂದು ಬರೀತೀನಿ.


ಗಿರ್ಮಿಟ್ ಪಾರ್ಟಿ (ಭಾನುವಾರ, ರಾತ್ರಿ 11:22)

ಗೋದಾಮಿನ ಕೀಲಿಕೈ ಹೋತಂದ್ರ ಎಕ್ಸ್ಟ್ರಾ ಕೇಬಲ್ ಬೇಕಾದಾಗ ಏನ ಮಾಡ್ತೀರಿ ಅಣ್ಣಾ?


ಕಪ್ಪುಪರದೆ (ಭಾನುವಾರ, ರಾತ್ರಿ 11:30)

ಅದನ್ನೂ ರಜಿಸ್ಟರಿನ್ಯಾಗ ಬರದೀನಿ. 5:40ಕ್ಕ ಕೇಬಲ್ ಕೇಳಿದೆ, 6:25ಕ್ಕ ಕೀಲಿಕೈ ಬಂತು. ಕಸಾ ಹೊಡಿಯೋ ಅಕ್ಕಾ ತಂದು ಕೊಟ್ಳು. ಅಕಿಗೂ ಸಹಿ ಮಾಡವಾ ಅಂದೆ. 'ನನ್ನ ಹೆಸರು ಯಾವ ಪುಸ್ತಕದಾಗೂ ಇಲ್ಲೋ ಯಪ್ಪಾ, ಇದ್ರಾಗರ ಇರ್ಲಿ' ಅಂದು ದೊಡ್ಡ ಅಕ್ಷರದಾಗ ಬರದಾಳ.